ಮಳೆಯ ಹಾದಿಗೆ ಕಾಲುಚೀಲ
(ಬಾನುಲಿ ಭಾಷಣ)



ಮಳೆಗಾಲದ ಶುಕ್ರವಾರ ರಾತ್ರಿಗಳಂದು ನಮ್ಮ ಟಿ. ದಾಸರಹಳ್ಳಿಯ ಹೆದ್ದಾರಿಯ ಬದಿಯಲ್ಲಿ, ಬೆನ್ನಿಗೆ ಚೀಲ ಬಿಗಿದ ತರುಣರು ಚಿಕ್ಕಮಗಳೂರಿನ ಕಡೆಯ ಬಸ್ಸಿಗಾಗಿ ಕಾದಿರುತ್ತಾರೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ನಮ್ಮ ನೆರೆಮನೆಯ ಹುಡುಗನೂ ಕಳೆದ ವರ್ಷ ಹಾಗೆಯೇ ಕುದುರೆಮುಖಕ್ಕೆ ಹೋಗಿ ಬಂದ. ಸೋಮವಾರ ಅವನು ಕೆಲಸಕ್ಕೆ ಹೋಗಲಿಲ್ಲ. ಪಾದಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಹಿಮ್ಮಡಿಯ ಚರ್ಮ ಸುಲಿದಿತ್ತು. ಯಂತ್ರದ ಮುಂದೆ ದಿನವಿಡೀ ನಿಂತು ದುಡಿಯುವವನಿಗೆ ಕಾಲೇ ಅನ್ನ. ಒಂದು ವಾರದ ಸಂಬಳ ಹೋಯಿತು. “ನೀರು ಹೊಗದ ಕಾಲುಚೀಲವೆಂದು ಹೆಚ್ಚು ಹಣ ಕೊಟ್ಟು ತಂದಿದ್ದೆ ಮೇಷ್ಟ್ರೇ, ಮೋಸವಾಯಿತು” ಎಂದ. ಮೋಸ ಮಾಡಿದ್ದು ಕಾಲುಚೀಲವೆ? ಈ ಹೊತ್ತು ಅದನ್ನು ವಿಚಾರಿಸೋಣ.

ಇಂಥ ಕಾಲುಚೀಲದಲ್ಲಿ ಮೂರು ಪದರಗಳಿರುತ್ತವೆ. ಹೊರಗೆ ನೈಲಾನಿನ ಹೆಣಿಗೆ, ಒಳಗೆ ಉಣ್ಣೆ ಅಥವಾ ಅಂಥ ನೂಲು, ನಡುವೆ ತೆಳುವಾದ ಪೊರೆ. ಪೊರೆಯು ನೀರನ್ನು ತಡೆಯುತ್ತದೆ; ಬೆವರಿನ ಆವಿಯನ್ನು ಮಾತ್ರ ಹೊರಗೆ ಬಿಡುತ್ತದೆ. ಅಮೆರಿಕದ ರಾಬರ್ಟ್ ಗೋರ್ 1969ರಲ್ಲಿ ಕಂಡುಕೊಂಡ ಗೋರ್‌ಟೆಕ್ಸ್ ಈ ಬಗೆಯ ಪೊರೆಗಳಲ್ಲಿ ಹೆಸರಾದುದು.

ಆದರೆ ಯಾವ ಕಾಲುಚೀಲಕ್ಕೂ ಮೇಲೊಂದು ಬಾಯಿ ಉಂಟಲ್ಲವೆ? ಮುಳ್ಳೋಡಿಯಿಂದ ಕುದುರೆಮುಖದ ಶಿಖರಕ್ಕೆ ಏರುವಾಗ ಹಳ್ಳಗಳನ್ನು ದಾಟಬೇಕು. ನಮ್ಮ ಹುಡುಗ ಮೊಣಕಾಲುದ್ದದ ನೀರಿಗೆ ಇಳಿದಿದ್ದ. ಬಾಯಿಯಿಂದ ಒಳಹೊಕ್ಕ ನೀರನ್ನು ಅದೇ ಪೊರೆ ಹೊರಹೋಗಗೊಡಲಿಲ್ಲ. ಸಂಜೆಯವರೆಗೆ ಅವನು ನೀರು ತುಂಬಿದ ಚೀಲದಲ್ಲೇ ನಡೆದಿದ್ದ. ಹೊರಗಿನ ನೀರನ್ನು ತಡೆಯುವುದು ಒಳಗಿನ ನೀರನ್ನೂ ಹಿಡಿದಿಡುತ್ತದೆಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಆದ್ದರಿಂದ ಕೊಳ್ಳುವ ಮುನ್ನ ಹಾದಿಯನ್ನು ನೆನೆಯಬೇಕು. ತೊಯ್ದ ಹುಲ್ಲು, ಕೆಸರು, ಜಿನುಗುಮಳೆಯ ದಾರಿಗೆ ಪೊರೆಯ ಕಾಲುಚೀಲ ಒಳ್ಳೆಯದು. ಅದು ಮೀನಖಂಡದವರೆಗೆ ಬರುವಂತಿರಲಿ. ಪದೇ ಪದೇ ಹಳ್ಳ ದಾಟುವ ದಾರಿಗೆ ಬರಿಯ ಉಣ್ಣೆಯದೇ ಮೇಲು. ಹಿಂಡಿ ಮತ್ತೆ ತೊಡಬಹುದು. ಉಣ್ಣೆಯು ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಯೂ ಬೆಚ್ಚಗಿರಬಲ್ಲದು. ಹತ್ತಿಯಾದರೋ ನೀರು ಕುಡಿದು ಕಾಲಿನ ಕಾವನ್ನೇ ಕಸಿಯುತ್ತದೆ. ಕಂಬಳಿ ಕೊಪ್ಪೆ ಹೊದ್ದು ನಾಟಿಗೆ ಇಳಿಯುತ್ತಿದ್ದ ಮಲೆನಾಡಿನ ರೈತನಿಗೆ ಉಣ್ಣೆಯ ಈ ಗುಣ ಪಾಠವಿಲ್ಲದೆ ತಿಳಿದಿತ್ತು. ಇಂಬಳದ ಕಾಟಕ್ಕೆ ಬೇರೆಯೇ ಚೀಲವುಂಟು. ಒತ್ತಾದ ನೇಯ್ಗೆಯ ಆ ಚೀಲವನ್ನು ಮೊಣಕಾಲಿನವರೆಗೆ ಎಳೆದು ಕಟ್ಟಬೇಕು. ಅದು ಇಂಬಳವನ್ನು ತಡೆಯುತ್ತದೆ, ನೀರನ್ನಲ್ಲ.

ಪೊರೆಯ ಕಾಲುಚೀಲ ದಪ್ಪ. ನಡೆಯುವ ಬೂಟಿನೊಳಗೇ ಅದನ್ನು ತೊಟ್ಟು ನೋಡಬೇಕು. ಬಿಗಿಯಾದರೆ ರಕ್ತದ ಓಟ ಕುಗ್ಗಿ ಕಾಲು ತಣ್ಣಗಾಗುತ್ತದೆ. ಸಡಿಲವಾದರೆ ಮಡಿಕೆ ಬಿದ್ದು ಬೊಬ್ಬೆ ಏಳುತ್ತದೆ. ಮನೆಗೆ ತಂದ ಮೇಲೆ ಕೈಯನ್ನು ಅದರೊಳಗೆ ತೂರಿಸಿ, ಬಾಯಿ ಮುಳುಗದಂತೆ, ಬಕೆಟ್ಟಿನ ನೀರಿನಲ್ಲಿ ಐದು ನಿಮಿಷ ಹಿಡಿಯಿರಿ. ಬೆರಳು ಒದ್ದೆಯಾದರೆ ಹಿಂದಿರುಗಿಸಿ. ಒಗೆದ ಬಳಿಕ ಒಳಮಗ್ಗುಲನ್ನು ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿ. ಬೆಂಕಿಯ ಶಾಖಕ್ಕೆ ಪೊರೆ ಕೆಡುತ್ತದೆ.

ಇಷ್ಟರ ಮೇಲೂ ಕಾಲು ತೊಯ್ಯುವ ದಿನವುಂಟು. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಕಂದಕಗಳ ನೀರಿನಲ್ಲಿ ನಿಂತ ಸಾವಿರಾರು ಸೈನಿಕರ ಪಾದಗಳು ಕೊಳೆತವು. ಅದಕ್ಕೆ ಹಿಮವೇ ಬೇಕೆಂದಿಲ್ಲ. ತಂಪು ಮತ್ತು ತೇವ ಬಹುಹೊತ್ತು ಕೂಡಿದ್ದರೆ ಸಾಕು. ಪಾದ ಒರೆಸಿ ಒಣ ಕಾಲುಚೀಲ ಬದಲಿಸಬೇಕೆಂದು ಸೇನೆಯೇ ಆಜ್ಞೆ ಮಾಡಬೇಕಾಯಿತು. ನಮಗೂ ಅದೇ ನಿಯಮ. ಒಂದು ಜೊತೆ ಉಣ್ಣೆಯ ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಕಟ್ಟಿಡಿ. ರಾತ್ರಿ ತಂಗುವಲ್ಲಿ ಮಾತ್ರ ಅದನ್ನು ತೊಡಿ. ಬೆಳಗ್ಗೆ ಎಷ್ಟೇ ಆಸೆಯಾದರೂ ಅದನ್ನು ತೊಟ್ಟು ನಡೆಯಬೇಡಿ.

ಈ ವರ್ಷ ಹುಡುಗ ಮತ್ತೆ ಹೊರಟ. ಹಳ್ಳ ಬಂದಲ್ಲಿ ಕಾಲುಚೀಲ ಬಿಚ್ಚಿ, ಬರಿಯ ಬೂಟಿನಲ್ಲಿ ದಾಟಿ, ನೀರು ಚೆಲ್ಲಿ, ಕಾಲೊರೆಸಿ ಮತ್ತೆ ತೊಟ್ಟನಂತೆ. ಜೊತೆಯವರು ನಕ್ಕರಂತೆ. ಸೋಮವಾರ ಬೆಳಗ್ಗೆ ಅವನು ಕಾರ್ಖಾನೆಗೆ ನಡೆದು ಹೋಗುವುದನ್ನು ಕಂಡೆ.