ಶಾಂತಿಯೂ ತೂಬಿನ ನೀರೂ

(ಮಳವಳ್ಳಿ ತಾಲ್ಲೂಕು ಬಂಡೂರಿನಲ್ಲಿ ಸೇರಿದ್ದ ತರುಣರ ಸಭೆಯಲ್ಲಿ ಮಾಡಿದ ಭಾಷಣ)



ಶಾಂತಿ ಎಂದರೆ ತಮಗೆ ಏನು ಕಾಣುತ್ತದೆ ಎಂದು ಈ ಊರಿನ ಹುಡುಗರೂ ಹುಡುಗಿಯರೂ ಬರೆದ ಪ್ರಬಂಧಗಳನ್ನು ಓದಿ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆಸಿದ್ದೀರಿ. ಕೆಲವು ಕಾಲ ಮೇಷ್ಟ್ರಾಗಿದ್ದವನು ನಾನು. ಕಾಗದ ಕಂಡರೆ ಕೆಂಪು ಮಸಿ ಹುಡುಕುವ ಅಭ್ಯಾಸ ಇನ್ನೂ ಹೋಗಿಲ್ಲ. ಎಲ್ಲವೂ ಚೆನ್ನಾಗಿವೆ ಎಂದು ಮುಖಸ್ತುತಿ ಮಾಡಲಾರೆ. ಮುಕ್ಕಾಲು ಪಾಲು ಬರಹಗಳಲ್ಲಿ ಬಿಳಿ ಪಾರಿವಾಳ ಹಾರಿದೆ, ಬುದ್ಧನೂ ಗಾಂಧಿಯೂ ಬಂದು ಹೋಗಿದ್ದಾರೆ, ಕೊನೆಯ ಸಾಲಿನಲ್ಲಿ ಜಗತ್ತೆಲ್ಲ ಒಂದಾಗಿಬಿಟ್ಟಿದೆ. ಬಂಡೂರಿನ ಧೂಳು ಎಲ್ಲಿಯೂ ಅಂಟಿಲ್ಲ. ಕುರಿಯಿಂದ ನಾಡಿಗೆಲ್ಲ ಹೆಸರಾದ ಊರಿನವರು ಪಾರಿವಾಳದ ಬೆನ್ನು ಹತ್ತಿದ್ದೇಕೋ ತಿಳಿಯದು!

ಒಬ್ಬ ಹುಡುಗಿ ಮಾತ್ರ ಬೇರೆ ಬರೆದಿದ್ದಾಳೆ. ಹೆಸರು ಹೇಳಿದರೆ ನಾಚಿಕೊಂಡಾಳು. ನಾಲೆಗೆ ನೀರು ಬಿಟ್ಟ ರಾತ್ರಿ ಅಪ್ಪ ದೊಣ್ಣೆ ಹಿಡಿದು ತೂಬಿನ ಹತ್ತಿರ ಕಾಯುವುದು ತಪ್ಪಿ, ಮನೆಯಲ್ಲಿ ಮಲಗಿದರೆ ಅದೇ ಶಾಂತಿ ಎಂಬುದು ಅವಳ ಬರಹದ ಸಾರಾಂಶ. ಒಂದೂವರೆ ಪುಟ, ಕಾಗುಣಿತದ ತಪ್ಪು ಬೇಕಾದಷ್ಟು. ನನ್ನನ್ನು ಕೇಳಿದರೆ ಬಹುಮಾನ ಇದಕ್ಕೇ.

ಏಕೆಂದರೆ ಇದು ನಮ್ಮೆಲ್ಲರ ಕಥೆ. ಮದ್ದೂರು, ಮಳವಳ್ಳಿ ತಾಲ್ಲೂಕಿನವರು ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ರೈತರು. ಕನ್ನಂಬಾಡಿಯಲ್ಲಿ ನೀರು ಬಿಟ್ಟ ಸುದ್ದಿ ಬೇಗ ಬರುತ್ತದೆ, ನೀರು ಬರುವುದಿಲ್ಲ. ಮೇಲಿನವರು ಹೆಚ್ಚಿಗೆ ಕಟ್ಟಿಕೊಂಡರು, ನೀರಗಂಟಿ ಅತ್ತ ಕಡೆಗೇ ತಿರುಗಿಸಿದ ಎಂದು ಬೈಯುವುದು ನಮಗೆ ಬಾಯಿಪಾಠ. ಬೈಗುಳದಲ್ಲಿ ನ್ಯಾಯವೂ ಉಂಟು. ಆದರೆ ಇದೇ ಕಾವೇರಿ ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ ಧುಮುಕಿ, ಮೇಕೆದಾಟು ಹಾದು ಕೆಳಕ್ಕೆ ಹೋದ ಮೇಲೆ, ತಂಜಾವೂರಿನ ರೈತನ ಪಾಲಿಗೆ ಮೇಲಿನವರು ಯಾರು? ನಾವೇ. ಅವನ ಮನೆಯಲ್ಲಿಯೂ ನಮ್ಮನ್ನು ಬೈಯುವ ಬಾಯಿಪಾಠ ಇದ್ದೇ ಇದೆ.

ಈ ಬೈಗುಳ ಬೆಂಕಿಯಾದದ್ದನ್ನು ನಾಡು ನೋಡಿದೆ. ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂಬ ನ್ಯಾಯಮಂಡಳಿಯ ಮಧ್ಯಂತರ ಆದೇಶ ಹೊರಟದ್ದು 1991ರ ಜೂನ್ 25ರಂದು. ಅದು ಡಿಸೆಂಬರ್ 11ರಂದು ಗೆಜೆಟ್ಟಿನಲ್ಲಿ ಪ್ರಕಟವಾದ ಬೆನ್ನಿಗೇ ಬೆಂಗಳೂರಿನಲ್ಲಿ ಗಲಭೆ ಎದ್ದಿತು. 15ಕ್ಕೂ ಹೆಚ್ಚು ಮಂದಿ ಸತ್ತರು. ಸಾವಿರಾರು ತಮಿಳು ಕೂಲಿಕಾರರು ಗಂಟುಮೂಟೆ ಕಟ್ಟಿಕೊಂಡು ಓಡಿದರು. ಓಡಿದವರಲ್ಲಿ ಒಬ್ಬನಾದರೂ ಅಣೆಕಟ್ಟಿನ ಬಾಗಿಲು ತೆಗೆಸಿದವನೆ?

2016ರ ಸೆಪ್ಟೆಂಬರ್ ತಿಂಗಳ ಸಂಗತಿ ತರುಣರು ವಿಶೇಷವಾಗಿ ಕೇಳತಕ್ಕದ್ದು. ಕಾವೇರಿ ವಿಚಾರವಾಗಿ ಕನ್ನಡದ ನಟರನ್ನು ಹೀಯಾಳಿಸಿ ಬೆಂಗಳೂರಿನ ಒಬ್ಬ ವಿದ್ಯಾರ್ಥಿ ಫೇಸ್‌ಬುಕ್ಕಿನಲ್ಲಿ ಏನೋ ಹಾಕಿದ. ಕೆಲವರು ಅವನನ್ನು ಹಿಡಿದು ಹೊಡೆದು, ಆ ಚಿತ್ರವನ್ನು ಊರಿಗೆಲ್ಲ ಹಂಚಿದರು. ಅತ್ತ ರಾಮೇಶ್ವರದಲ್ಲಿ ಕನ್ನಡಿಗ ಚಾಲಕರಿಗೆ ಏಟು ಬಿತ್ತು, ಚೆನ್ನೈಯಲ್ಲಿ ಕನ್ನಡಿಗರ ಹೋಟೆಲಿಗೆ ಕಲ್ಲು ಬಿತ್ತು. 12ನೆಯ ತಾರೀಖು ಬೆಂಗಳೂರಿನಲ್ಲಿ ಹತ್ತಾರು ಬಸ್ಸುಗಳು ಸುಟ್ಟು ಬೂದಿಯಾದವು, ಕರ್ಫ್ಯೂ ಬಂತು, ಇಬ್ಬರು ಸತ್ತರು. ಮೊದಲನೆಯ ಕಿಡಿ ಹುಡುಗನೊಬ್ಬ ಬರೆದದ್ದು! ಹುಡುಗರ ಬರಹದಿಂದ ಏನಾದೀತು ಎಂದು ಕೇಳುವ ಹಿರಿಯರು ಇದನ್ನು ಯೋಚಿಸಲಿ. ಬಂದ್ ಆದ ದಿನ ಗಿರಣಿಯ ಕೂಲಿ ಹೋದದ್ದು ಯಾರದು, ಅಂಗಡಿಯ ತರಕಾರಿ ಕೊಳೆತದ್ದು ಯಾರದು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ನೀರಿನ ಹಕ್ಕು ಬಿಟ್ಟುಕೊಡಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಯಾರೂ ತಿಳಿಯಬಾರದು. 2007ರ ತೀರ್ಪಿನ ಪ್ರಕಾರ ನಾವು ಬಿಡಬೇಕಾಗಿದ್ದ ನೀರು 192 ಟಿಎಂಸಿ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಅದನ್ನು 177.25ಕ್ಕೆ ಇಳಿಸಿತು. ಈ 14.75 ಟಿಎಂಸಿ ಲೆಕ್ಕಪತ್ರ ಮುಂದಿಟ್ಟು ವಾದಿಸಿದ್ದರಿಂದ ದಕ್ಕಿದ್ದು. ಸುಟ್ಟ ಬಸ್ಸಿನಿಂದ ಒಂದು ಕೊಡ ನೀರೂ ಬರಲಿಲ್ಲ. ಅದಕ್ಕೂ ಮುಂಚೆ, 2003ರಲ್ಲಿ, ಎರಡೂ ರಾಜ್ಯಗಳ ರೈತರು ಕಾವೇರಿ ಕುಟುಂಬವೆಂಬ ಸಮಿತಿ ಮಾಡಿಕೊಂಡು ಎದುರೆದುರು ಕುಳಿತರು, ಅವರ ಗದ್ದೆಗೆ ಇವರು, ಇವರ ಗದ್ದೆಗೆ ಅವರು ಹೋಗಿ ಕಣ್ಣಾರೆ ನೋಡಿದರು. ಜಗಳ ಅದರಿಂದ ಬಗೆಹರಿಯಲಿಲ್ಲ, ನಿಜ. ಆದರೆ ಎದುರಾಳಿಗೂ ಸಾಲವಿದೆ, ಒಣಗಿದ ಪೈರಿದೆ ಎಂಬುದು ಕಂಡಿತು.

ಹಿರೋಷಿಮಾದಲ್ಲಿ ಅರಾತ ಒಸಾದ ಎಂಬ ಮೇಷ್ಟ್ರು ಇದ್ದರು. 1945ರ ಬಾಂಬಿನಲ್ಲಿ ತಾವೇ ಗಾಯಗೊಂಡವರು. ಉಳಿದುಕೊಂಡ ಮಕ್ಕಳಿಂದ ಬರೆಸಿ, 105 ಬರಹಗಳನ್ನು ಆರಿಸಿ 1951ರಲ್ಲಿ ಪುಸ್ತಕ ಮಾಡಿದರು. ಆ ಮಕ್ಕಳಿಗೆ ಅವರು ಶಾಂತಿಯ ವ್ಯಾಖ್ಯಾನ ಕೇಳಲಿಲ್ಲ, ಆ ದಿನ ಏನಾಯಿತು ಎಂದು ಕೇಳಿದರು. ಸುಟ್ಟ ಮೈಯವರು ನೀರು ನೀರು ಎಂದು ಬೇಡಿದ್ದು, ತಾಯಿಯನ್ನು ಹುಡುಕಿ ಅಲೆದದ್ದು. ದೊಡ್ಡವರ ಶಾಂತಿ ಸಮ್ಮೇಳನಗಳ ಭಾಷಣ ಮರೆತುಹೋಯಿತು. ಆ ಪುಸ್ತಕವನ್ನು ಇಂದಿಗೂ ಜನ ಓದುತ್ತಾರೆ.

ಆದುದರಿಂದ ತರುಣರೆ, ಈ ಪ್ರಬಂಧಗಳನ್ನು ಇನ್ನೊಮ್ಮೆ ಬರೆಯಿರಿ. ನಿಮ್ಮ ಗದ್ದೆಗೆ ಯಾವ ತಿಂಗಳು ನೀರು ಬಂತು, ಎಷ್ಟು ಸಾಲವಾಯಿತು, ರಾತ್ರಿ ತೂಬಿನ ಹತ್ತಿರ ಏನು ನಡೆಯಿತು, ಎಲ್ಲವನ್ನೂ ಹಾಕಿರಿ. ಮೇಲೆ ತಂಜಾವೂರು ಜಿಲ್ಲೆಯ ಯಾವುದಾದರೂ ಹೈಸ್ಕೂಲಿನ ಮಕ್ಕಳಿಗೆ ಎಂದು ವಿಳಾಸ ಬರೆಯಿರಿ. ಅವರ ಊರಿನ ಸಂಗತಿ ಕೇಳಿರಿ. ತಮಿಳಿಗೆ ಮಾಡಿಕೊಡಬಲ್ಲವರು ಮಳವಳ್ಳಿ ಪೇಟೆಯಲ್ಲಿ, ಮಂಡ್ಯದಲ್ಲಿ ಸಿಕ್ಕಿಯೇ ಸಿಗುತ್ತಾರೆ. ಅಂಚೆಯ ಖರ್ಚನ್ನು ಇಲ್ಲಿ ಕುಳಿತಿರುವ ಅಂಗಡಿಯವರು ವಹಿಸಬೇಕೆಂದು ಕೈಮುಗಿದು ಕೇಳುತ್ತೇನೆ, ದೊಡ್ಡ ಮೊತ್ತವೇನಲ್ಲ. ಮೊದಲನೆಯ ಕಾಗದವಾಗಿ ಆ ಹುಡುಗಿಯ ಒಂದೂವರೆ ಪುಟವೇ ಹೋಗಲಿ. ಅವಳ ಅಪ್ಪ ಒಪ್ಪಿದ್ದಾರೆ, ಸಭೆಗೆ ಮುಂಚೆ ಕೇಳಿದ್ದೇನೆ.