ಅರ್ಧಕ್ಕೆ ನಿಂತ ಸರ್ವೇ: ಎನ್‌ಎಫ್‌ಎಚ್‌ಎಸ್-5ರ ಅಂಕಿ ನೋಡುವ ಮೊದಲು ತಾರೀಖು ನೋಡಿ

ಇವತ್ತಿನ ವಿಷಯ ಕೇಳಿದ ಕೂಡಲೇ ಸ್ವಲ್ಪ ಒಣ ಅನ್ನಿಸಬಹುದು. ಮನೆಮನೆಗೆ ಹೋಗಿ ಮಾಡುವ ಆರೋಗ್ಯ ಸಮೀಕ್ಷೆ ಇದೆ, ಆದರೆ ಮನೆಗೆ ಹೋಗೋದೇ ಸಾಧ್ಯವಿಲ್ಲ ಅಂತಾದರೆ ಏನು ಮಾಡ್ತಾರೆ? ನನಗೆ ಸಂಬಂಧ ಇಲ್ಲ ಅಂದ್ಕೋಬೇಡಿ. ನೀವು ಪುಣೆಯಲ್ಲಿರಿ, ಚೆನ್ನೈನಲ್ಲಿರಿ, ಇದರ ಫಲ ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಬಂದೇ ಇರುತ್ತೆ. ರಕ್ತಹೀನತೆ ಯಾವ ರಾಜ್ಯದಲ್ಲಿ ಜಾಸ್ತಿ, ಸಿಸೇರಿಯನ್ ಎಲ್ಲಿ ಜಾಸ್ತಿ, ಕರ್ನಾಟಕ ಮುಂದೋ ತಮಿಳುನಾಡು ಮುಂದೋ ಅಂತ ಬಣ್ಣಬಣ್ಣದ ಮ್ಯಾಪು ಬರ್ತವಲ್ಲ, ಅವುಗಳಲ್ಲಿ ಬಹಳಷ್ಟರ ಮೂಲ ಒಂದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್. ಅದರ ಐದನೇ ಸುತ್ತು ನಡೀತಾ ಇರುವಾಗಲೇ ಕೋವಿಡ್ ಬಂತು.

ನಾನು ಡಾಕ್ಟರಲ್ಲ, ಜನಸಂಖ್ಯಾ ತಜ್ಞನೂ ಅಲ್ಲ. ಡೇಟಾ ಎಲ್ಲಿಂದ ಬಂತು, ಮಧ್ಯದಲ್ಲಿ ಎಲ್ಲಿ ಕಡಿದುಹೋಯ್ತು ಅಂತ ಹುಡುಕೋದು ನನ್ನ ದಿನದ ಕೆಲಸ. ಆ ಕಣ್ಣಿಂದಲೇ ಇದನ್ನೂ ನೋಡ್ತೀನಿ.

ಈ ಸರ್ವೇ ನಡೆಸೋದು ಮುಂಬೈನ ದೇವನಾರ್‌ನಲ್ಲಿರುವ ಐಐಪಿಎಸ್. ಗೋವಂಡಿ ಸ್ಟೇಷನ್ ಕಡೆ ಓಡಾಡುವ ಮುಂಬೈ ಕನ್ನಡಿಗರಿಗೆ ಆ ಹೆಸರು ಗೊತ್ತಿರುತ್ತೆ. ಒಂದು ಹಳ್ಳಿಯನ್ನೋ ನಗರದ ಒಂದು ತುಂಡನ್ನೋ ಆರಿಸ್ತಾರೆ. ಅಲ್ಲಿರುವ ಎಲ್ಲ ಮನೆಗಳನ್ನೂ ಮೊದಲು ಪಟ್ಟಿ ಮಾಡ್ತಾರೆ. ಆ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ 22 ಮನೆ ಆರಿಸ್ತಾರೆ. ಆ ಮನೆಗೆ ಬೀಗ ಹಾಕಿದ್ದರೆ ಮತ್ತೆ ಬರಬೇಕು, "ಪಕ್ಕದ ಮನೆಯವರು ಇದ್ದಾರಲ್ಲ, ಅವರನ್ನೇ ಕೇಳೋಣ" ಅನ್ನೋ ಹಾಗಿಲ್ಲ. ಐದನೇ ಸುತ್ತಿನಲ್ಲಿ ಹೀಗೆ 707 ಜಿಲ್ಲೆಗಳಲ್ಲಿ 6,36,699 ಮನೆ, 7,24,115 ಮಹಿಳೆಯರು, 1,01,839 ಪುರುಷರು. ಆರಿಸಿದ ಮನೆಗಳಲ್ಲಿ ನೂರಕ್ಕೆ 98 ಮನೆಯವರು ಉತ್ತರ ಕೊಟ್ಟಿದ್ದಾರೆ. ನಮ್ಮ ಕಂಪನಿಗಳ ಎಂಪ್ಲಾಯೀ ಸರ್ವೇಗೆ ಎಷ್ಟು ಜನ ಉತ್ತರ ಕೊಡ್ತಾರೆ ಅಂತ ಒಮ್ಮೆ ನೆನಪಿಸಿಕೊಳ್ಳಿ. (ನಗು) ಮನೆ ಬಾಗಿಲಿಗೆ ಒಬ್ಬ ಮನುಷ್ಯ ಬಂದು ನಿಂತಾಗ ಇರುವ ಶಕ್ತಿ ಅದು.

ಐದನೇ ಸುತ್ತಿನಲ್ಲಿ ಬರೀ ಪ್ರಶ್ನೆ ಕೇಳಿ ಹೋಗಲಿಲ್ಲ. ತೂಕ, ಎತ್ತರ ಅಳೆದರು, ಬಿಪಿ ನೋಡಿದರು, ಬೆರಳ ತುದಿ ಚುಚ್ಚಿ ಹಿಮೋಗ್ಲೋಬಿನ್, ಶುಗರ್ ನೋಡಿದರು. ಇದು ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ಈ ಸುತ್ತನ್ನ ಎರಡು ಹಂತವಾಗಿ ಮಾಡಿದ್ರು. ಮೊದಲ ಹಂತ 17 ಜೂನ್ 2019ರಿಂದ 30 ಜನವರಿ 2020ರವರೆಗೆ, 17 ರಾಜ್ಯ ಮತ್ತು 5 ಕೇಂದ್ರಾಡಳಿತ ಪ್ರದೇಶ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರ, ಕೇರಳ ಎಲ್ಲ ಇದರಲ್ಲೇ ಬಂದವು. ಎರಡನೇ ಹಂತ ಶುರುವಾದದ್ದು 2 ಜನವರಿ 2020ಕ್ಕೆ, 11 ರಾಜ್ಯ, 3 ಕೇಂದ್ರಾಡಳಿತ ಪ್ರದೇಶ. ತಮಿಳುನಾಡು, ದೆಹಲಿ, ಉತ್ತರ ಪ್ರದೇಶ, ಪಂಜಾಬ್, ರಾಜಸ್ಥಾನ, ಒಡಿಶಾ ಇದರಲ್ಲಿವೆ. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಕೆಲಸ ನಿಂತಿತು. ಮುಗಿದದ್ದು 30 ಏಪ್ರಿಲ್ 2021ಕ್ಕೆ.

ಅಂದರೆ ಹೈದರಾಬಾದ್, ಪುಣೆ, ಮುಂಬೈ, ನಮ್ಮ ಊರು, ಇವೆಲ್ಲ ಪೂರ್ತಿ ಕೋವಿಡ್‌ಗೆ ಮುಂಚಿನ ಚಿತ್ರ. ಚೆನ್ನೈ ಮತ್ತು ದೆಹಲಿಯದು ಅರ್ಧ ಮುಂಚಿನದು, ಅರ್ಧ ಆಮೇಲಿನದು, ಎರಡೂ ಸೇರಿ ಒಂದೇ ಅಂಕಿ. ಮ್ಯಾಪ್‌ನಲ್ಲಿ ಮಾತ್ರ ಎಲ್ಲ ಪಕ್ಕಪಕ್ಕ, ಒಂದೇ ದಿನ ತೆಗೆದ ಫೋಟೋ ಥರ ಕಾಣುತ್ತೆ.

ಇಂಥ ಪರಿಸ್ಥಿತಿಯಲ್ಲಿ ಬೇರೆಯವರು ಏನು ಮಾಡಿದ್ರು? ಅದೇ ಮಾರ್ಚ್‌ನಲ್ಲಿ ಅಮೆರಿಕದ ಎರಡು ದೊಡ್ಡ ಆರೋಗ್ಯ ಸರ್ವೇಗಳಿಗೂ ಇದೇ ಗತಿ ಬಂತು. ಅವೆರಡನ್ನೂ ನಮ್ಮದರ ಪಕ್ಕ ಇಟ್ಟರೆ ವಿಷಯ ಸ್ಪಷ್ಟ ಆಗುತ್ತೆ.

ಒಂದು ಎನ್‌ಹೇನ್ಸ್. ಇದರಲ್ಲಿ ದೊಡ್ಡ ಟ್ರೇಲರ್‌ಗಳಲ್ಲಿ ಒಂದು ಓಡಾಡುವ ಆಸ್ಪತ್ರೆಯನ್ನೇ ಊರಿಂದ ಊರಿಗೆ ತಗೊಂಡು ಹೋಗಿ ಜನರನ್ನ ಪರೀಕ್ಷೆ ಮಾಡ್ತಾರೆ. 2019-20ರ ಸುತ್ತಿಗೆ 30 ಕಡೆ ಹೋಗಬೇಕಿತ್ತು. 18 ಕಡೆ ಮುಗಿದಿತ್ತು, ಅಷ್ಟರಲ್ಲಿ ನಿಲ್ಲಿಸಬೇಕಾಯ್ತು. ಈಗ ಈ 18 ಕಡೆಯ ಡೇಟಾ ಏನು ಮಾಡೋದು? ಮೂವತ್ತೂ ಸೇರಿದರೆ ಮಾತ್ರ ಅದು ಇಡೀ ದೇಶ. ಹದಿನೆಂಟು ಅಂದರೆ ಲಾರಿ ಮೊದಲು ಹೋಗಿದ್ದ ಊರುಗಳು ಅಷ್ಟೇ. ಅದಕ್ಕೆ ಅವರು ಇದನ್ನ ಒಂದೇ ಆಗಿ ದೇಶದ ಅಂಕಿ ಅಂತ ಹೊರಬಿಡಲೇ ಇಲ್ಲ. ಹಿಂದಿನ 2017-18ರ ಸುತ್ತಿನ ಜೊತೆ ಸೇರಿಸಿ, ವೆಯ್ಟ್‌ಗಳನ್ನ ಹೊಸದಾಗಿ ಲೆಕ್ಕ ಹಾಕಿ, "2017ರಿಂದ ಮಾರ್ಚ್ 2020, ಕೋವಿಡ್‌ಗೆ ಮುಂಚೆ" ಅಂತ ಹಣೆಯ ಮೇಲೇ ಬರೆದು ಕೊಟ್ರು. ಮತ್ತೆ ಫೀಲ್ಡಿಗೆ ಇಳಿದದ್ದು ಆಗಸ್ಟ್ 2021ಕ್ಕೆ.

ಇನ್ನೊಂದು ಎನ್‌ಎಚ್‌ಐಎಸ್. ಇಲ್ಲಿ ಪರೀಕ್ಷೆ ಇಲ್ಲ, ಪ್ರಶ್ನೆ ಮಾತ್ರ. ಇವರು 19 ಮಾರ್ಚ್ 2020ರಿಂದ ಪೂರ್ತಿ ಫೋನಿಗೆ ಹೋದರು. ಇವರ ಸ್ಯಾಂಪಲ್ಲನ್ನ ವರ್ಷವಿಡೀ ಹರಡಿರ್ತಾರೆ, ಪ್ರತಿ ಮೂರು ತಿಂಗಳ ತುಂಡೂ ತಾನೇ ಒಂದು ಚಿಕ್ಕ ದೇಶದ ಹಾಗೆ. ಹಾಗಾಗಿ ಎಲ್ಲಿ ಕಡಿದರೂ ಕೈಯಲ್ಲಿ ಉಳಿದದ್ದಕ್ಕೆ ಅರ್ಥ ಇರುತ್ತೆ. ಆದರೆ ತೊಂದರೆ ಬೇರೆ ಕಡೆಯಿಂದ ಬಂತು. ಅವರ ಹತ್ರ ಇದ್ದದ್ದು ವಿಳಾಸ. ಆ ವಿಳಾಸಕ್ಕೆ ಫೋನ್ ನಂಬರ್ ಹುಡುಕಬೇಕು, ಎಲ್ಲರದ್ದೂ ಸಿಗಲ್ಲ, ಸಿಕ್ಕರೂ ಎತ್ತಲ್ಲ. ಉತ್ತರ ಕೊಡುವ ಮನೆಗಳು ನೂರಕ್ಕೆ 60ರ ಆಸುಪಾಸು ಇದ್ದದ್ದು ಆ ವರ್ಷ 50ರ ಆಸುಪಾಸಿಗೆ ಇಳೀತು. ಇಳಿದದ್ದಕ್ಕಿಂತ ಯಾರು ಉಳಿದರು ಅನ್ನೋದು ಮುಖ್ಯ. ಫೋನಿಗೆ ಸಿಕ್ಕವರಲ್ಲಿ ವಯಸ್ಸಾದವರು, ಅನುಕೂಲಸ್ಥರು ಹೆಚ್ಚಾದರು. ಇದನ್ನ ಸರಿಪಡಿಸೋಕೆ ಅವರು ಮಾಡಿದ ಒಂದು ಕೆಲಸ ನನಗೆ ತುಂಬಾ ಹಿಡಿಸಿತು. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ, ಹಿಂದಿನ ವರ್ಷ ಸರ್ವೇಗೆ ಉತ್ತರ ಕೊಟ್ಟಿದ್ದವರಲ್ಲಿ ಒಂದು ಭಾಗಕ್ಕೆ ಮತ್ತೆ ಫೋನ್ ಮಾಡಿದರು. ಇವರು ಯಾರು, ಇವರ ಆರೋಗ್ಯ ಮುಂಚೆ ಹೇಗಿತ್ತು ಅನ್ನೋದು ಮೊದಲೇ ಗೊತ್ತು. ಹಾಗಾಗಿ ಫೋನ್ ಎತ್ತದೇ ಇದ್ದವರು ಎಂಥವರು ಅಂತಲೂ ಗೊತ್ತಾಗುತ್ತೆ. ಅಪರಿಚಿತ ಮನೆಯಲ್ಲಿ ಅದು ಗೊತ್ತಾಗೋದೇ ಇಲ್ಲ.

ಹಾಗಾದರೆ ಭಾರತವೂ ಫೋನಿಗೆ ಹೋಗಬಹುದಿತ್ತಲ್ಲ? ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ? ಇದಕ್ಕೆ ಉತ್ತರ ಇದೇ ಎನ್‌ಎಫ್‌ಎಚ್‌ಎಸ್-5ರಲ್ಲೇ ಇದೆ. "ನೀವೇ ಬಳಸುವ ಮೊಬೈಲ್ ಇದೆಯಾ" ಅಂತ ಮಹಿಳೆಯರನ್ನ ಕೇಳಿದ್ದಾರೆ. ಹೌದು ಅಂದವರು ನೂರಕ್ಕೆ 54. ನಗರದಲ್ಲಿ 69, ಹಳ್ಳಿಯಲ್ಲಿ 47ಕ್ಕೂ ಸ್ವಲ್ಪ ಕಮ್ಮಿ. ಅಂದರೆ ಹಳ್ಳಿಯ ಅರ್ಧಕ್ಕಿಂತ ಹೆಚ್ಚು ಮಹಿಳೆಯರನ್ನ ಮಾತಾಡಿಸಬೇಕಾದರೆ ಗಂಡನ, ಮಾವನ, ಮಗನ ಫೋನಿಗೆ ಮಾಡಬೇಕು. ಸ್ವಂತ ಫೋನ್ ಇಲ್ಲದ ಹೆಣ್ಣುಮಗಳು ಮತ್ತು ಇರುವ ಹೆಣ್ಣುಮಗಳು ಆರೋಗ್ಯದಲ್ಲಿ, ಓದಿನಲ್ಲಿ, ಮನೆಯಲ್ಲಿ ಅವಳ ಮಾತಿಗಿರುವ ಬೆಲೆಯಲ್ಲಿ ಒಂದೇ ಥರ ಇರಲ್ಲ. ಇದು ಸುಮ್ಮನೆ ಕಳೆದುಹೋದ ಡೇಟಾ ಅಲ್ಲ. ಯಾರ ಪರಿಸ್ಥಿತಿ ತಿಳೀಬೇಕಿತ್ತೋ ಅವರೇ ಆರಿಸಿದ ಹಾಗೆ ಕಾಣೆಯಾಗ್ತಾರೆ. ವೆಯ್ಟ್ ಹಾಕಿ ಸ್ವಲ್ಪ ಮಟ್ಟಿಗೆ ಸರಿದೂಗಿಸಬಹುದು, ಪೂರ್ತಿ ಅಲ್ಲ.

ಇನ್ನೂ ಕಷ್ಟದ ವಿಷಯ ಮನೆಯೊಳಗಿನ ಹಿಂಸೆ. ಎನ್‌ಎಫ್‌ಎಚ್‌ಎಸ್‌ನಲ್ಲಿ ಇದನ್ನ ಒಂದು ಮನೆಯಲ್ಲಿ ಒಬ್ಬ ಮಹಿಳೆಗೆ ಮಾತ್ರ ಕೇಳ್ತಾರೆ. ಅವಳು ಒಬ್ಬಳೇ ಇರಬೇಕು. ಯಾರಾದರೂ ಒಳಗೆ ಬಂದರೆ ಆ ಪ್ರಶ್ನೆ ಅಲ್ಲಿಗೇ ನಿಲ್ಲಿಸಬೇಕು. ಎದುರು ಕೂತವರಿಗೆ ಬಾಗಿಲು ಕಾಣುತ್ತೆ, ಅತ್ತೆ ಬಂದದ್ದು ಕಾಣುತ್ತೆ. ಫೋನಿನ ಈ ಕಡೆ ಇರುವವರಿಗೆ ಏನೂ ಕಾಣಲ್ಲ. ಸ್ಪೀಕರ್ ಆನ್ ಇದೆಯೋ, ಪಕ್ಕದಲ್ಲಿ ಗಂಡ ಕೂತಿದ್ದಾನೋ ಗೊತ್ತಾಗಲ್ಲ. ಲಾಕ್‌ಡೌನ್‌ನಲ್ಲಂತೂ ಎಲ್ಲರೂ ಮನೆಯಲ್ಲೇ. ಅಂಥ ಹೊತ್ತಲ್ಲಿ ಆ ಪ್ರಶ್ನೆ ಕೇಳಿದರೆ ತಪ್ಪು ಉತ್ತರ ಬರುತ್ತೆ ಅನ್ನೋದು ಚಿಕ್ಕ ತೊಂದರೆ. ಫೋನ್ ಇಟ್ಟ ಮೇಲೆ ಅವಳಿಗೆ ಏಟು ಬೀಳಬಹುದು, ಅದು ದೊಡ್ಡದು. ನನ್ನ ಪ್ರಕಾರ ಅಂಕಿ ಇಲ್ಲದಿದ್ದರೂ ಪರವಾಗಿಲ್ಲ, ಕೇಳಬಾರದು.

ಇನ್ನು ರಕ್ತ, ತೂಕ. ಫೋನಲ್ಲಿ ತೂಕ ಕೇಳಿದರೆ ಜನ ಕಮ್ಮಿ ಹೇಳ್ತಾರೆ, ಎತ್ತರ ಜಾಸ್ತಿ ಹೇಳ್ತಾರೆ. ಎಷ್ಟೋ ಜನಕ್ಕೆ ತಮಗೆ ಶುಗರ್ ಇದೆ ಅನ್ನೋದೇ ಗೊತ್ತಿರಲ್ಲ. ಎದುರಾ ಎದುರು ಇದ್ದಾಗಲೂ ವಿಧಾನ ಬದಲಾದರೆ ಅಂಕಿ ಎಷ್ಟು ಅಲ್ಲಾಡುತ್ತೆ ನೋಡಿ. 2015-16ರ ಎನ್‌ಎಫ್‌ಎಚ್‌ಎಸ್-4ರಲ್ಲಿ ಬೆರಳು ಚುಚ್ಚಿ ನೋಡಿದಾಗ 6ರಿಂದ 59 ತಿಂಗಳ ಮಕ್ಕಳಲ್ಲಿ ನೂರಕ್ಕೆ 58ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ. 2016-18ರ ಇನ್ನೊಂದು ರಾಷ್ಟ್ರೀಯ ಪೋಷಣಾ ಸರ್ವೇಯಲ್ಲಿ ರಕ್ತನಾಳದಿಂದ ರಕ್ತ ತೆಗೆದು ನೋಡಿದಾಗ 1ರಿಂದ 4 ವರ್ಷದ ಮಕ್ಕಳಲ್ಲಿ 41. ವಯಸ್ಸಿನ ಗುಂಪು ಪೂರ್ತಿ ಒಂದೇ ಅಲ್ಲ, ನಿಜ. ಆದರೂ ಇಷ್ಟು ಅಂತರ ಬರೀ ವಯಸ್ಸಿಂದ ಬರಲ್ಲ.

ಇವೆಲ್ಲ ನೋಡಿದ ಮೇಲೆ, ನಿಂತು, ಕಾದು, ಮಾಸ್ಕ್ ಹಾಕಿಕೊಂಡು ಮತ್ತೆ ಅದೇ ಮನೆಗಳಿಗೆ ಹೋದದ್ದು ಸರಿಯಾದ ನಿರ್ಧಾರವೇ ಅಂತ ನನಗನ್ನಿಸುತ್ತೆ. ಅದಕ್ಕೂ ಒಂದು ಬೆಲೆ ಇದೆ, ಆ ಬೆಲೆಯನ್ನ ಅಂಕಿ ಓದುವ ನಾವು ಕೊಡಬೇಕು. ಹೇಗೆ ಅಂತ ಹೇಳ್ತೀನಿ.

ಪ್ರತಿ ಪ್ರಶ್ನೆಯೂ ಹಿಂದಕ್ಕೆ ಎಷ್ಟು ದೂರ ನೋಡುತ್ತೆ ಅಂತ ಮೊದಲು ಗಮನಿಸಿ. ಡ್ಯಾಶ್‌ಬೋರ್ಡಿನಲ್ಲಿ ಒಂದು ಗ್ರಾಫ್ ಐದು ನಿಮಿಷದ ಸರಾಸರಿ, ಇನ್ನೊಂದು ಮೂವತ್ತು ದಿನದ ಸರಾಸರಿ ಇರುತ್ತಲ್ಲ, ಹಾಗೆ. ಆಸ್ಪತ್ರೆಯಲ್ಲಿ ಹೆರಿಗೆ ಅನ್ನೋದು ಹಿಂದಿನ ಐದು ವರ್ಷದ ಹೆರಿಗೆಗಳ ಲೆಕ್ಕ. ಜನವರಿ 2021ರಲ್ಲಿ ಚೆನ್ನೈನಲ್ಲಿ ಕೇಳಿದರೂ 60 ತಿಂಗಳಲ್ಲಿ ಕೋವಿಡ್ ತಿಂಗಳು ಹತ್ತೇ. ಹಾಗಾಗಿ ಈ ಅಂಕಿಯಲ್ಲಿ ಕರ್ನಾಟಕ-ತಮಿಳುನಾಡು ಹೋಲಿಕೆ ಹೆಚ್ಚುಕಮ್ಮಿ ನ್ಯಾಯವೇ.

ಮಕ್ಕಳ ಲಸಿಕೆ ಹಾಗಲ್ಲ. ಅದನ್ನ 12ರಿಂದ 23 ತಿಂಗಳ ಮಕ್ಕಳಲ್ಲಿ ನೋಡ್ತಾರೆ. ಫೆಬ್ರವರಿ 2020ರಲ್ಲಿ ನೋಡಿದ ಮಗುವಿಗೆ ಒಂಬತ್ತು ತಿಂಗಳ ದಡಾರದ ಲಸಿಕೆ ಲಾಕ್‌ಡೌನ್‌ಗೆ ಎಷ್ಟೋ ಮೊದಲೇ ಬಂದು ಹೋಗಿತ್ತು. ಡಿಸೆಂಬರ್ 2020ರಲ್ಲಿ ನೋಡಿದ ಮಗು ಆಗಸ್ಟ್ 2019ರಲ್ಲಿ ಹುಟ್ಟಿದ್ದರೆ, ಅದೇ ಲಸಿಕೆ ಹಾಕಿಸಬೇಕಾದ ತಿಂಗಳು ಮೇ 2020! ಈ ಎರಡು ಮಕ್ಕಳೂ ಒಂದೇ ರಾಜ್ಯದ ಒಂದೇ ಶೇಕಡಾವಾರಿನೊಳಗೆ ಕೂತಿದ್ದಾರೆ. ಹಿಂದಿನ ಎರಡು ವಾರದಲ್ಲಿ ಮಗುವಿಗೆ ಜ್ವರ ಬಂದಿತ್ತಾ, ಕೆಮ್ಮು ಇತ್ತಾ ಅನ್ನೋ ಪ್ರಶ್ನೆಯಂತೂ ಇನ್ನೂ ನಾಜೂಕು. 2020ರ ಕೊನೆಯಲ್ಲಿ ಬಾಗಿಲಿಗೆ ಬಂದ ಅಪರಿಚಿತರ ಹತ್ರ "ಹೌದು, ಮನೆಯಲ್ಲಿ ಜ್ವರ ಇದೆ" ಅಂತ ಎಷ್ಟು ಜನ ಹೇಳಿರಬಹುದು? ಇದು ನನ್ನ ಅನುಮಾನ ಮಾತ್ರ.

ಒಳ್ಳೆಯ ವಿಷಯ ಏನಪ್ಪಾ ಅಂದರೆ ತಾರೀಖನ್ನ ಅವರು ಮುಚ್ಚಿಟ್ಟಿಲ್ಲ. ಎರಡನೇ ಹಂತದ ರಾಜ್ಯಗಳ ಫ್ಯಾಕ್ಟ್‌ಶೀಟ್ ತೆಗೆದು ನೋಡಿ, ಲಾಕ್‌ಡೌನ್‌ಗೆ ಮುಂಚೆ ಯಾವಾಗಿಂದ ಯಾವಾಗಿನವರೆಗೆ, ಆಮೇಲೆ ಯಾವಾಗ ಅಂತ ಶುರುವಿನಲ್ಲೇ ಬರೆದಿದ್ದಾರೆ. ಮೂಲ ಡೇಟಾ ಫೈಲಿನಲ್ಲಿ ಪ್ರತಿ ಮಹಿಳೆಯ ಸಾಲಿನಲ್ಲೂ ವಿ008 ಅಂತ ಒಂದು ಕಾಲಮ್ ಇದೆ, ಸಂದರ್ಶನದ ತಿಂಗಳು. 1900ನೇ ಇಸವಿಯ ಜನವರಿಯನ್ನ 1 ಅಂತ ಇಟ್ಟುಕೊಂಡು ಎಣಿಸಿದ ಸಂಖ್ಯೆ. ಮಾರ್ಚ್ 2020 ಅಂದರೆ 1443. ಅದಕ್ಕಿಂತ ಹೆಚ್ಚಿನ ಸಂಖ್ಯೆ ಇದ್ದರೆ ಅದು ಲಾಕ್‌ಡೌನ್ ಆದ ಮೇಲಿನದು. ಒಂದು ಫಿಲ್ಟರ್ ಹಾಕಿದರೆ ಎರಡೂ ಬೇರೆ ಆಗುತ್ತೆ.

ಆದರೆ ಬೇರೆ ಮಾಡಿ, "ನೋಡಿ, ಕೋವಿಡ್‌ನಿಂದ ಇಷ್ಟು ಬಿತ್ತು" ಅಂತ ಪೋಸ್ಟ್ ಹಾಕಬೇಡಿ. ಐಟಿಯವರಾದ ನಮಗೆ ಈ ಚಪಲ ಜಾಸ್ತಿ. ಲಾಕ್‌ಡೌನ್‌ಗೆ ಮುಂಚೆ ಮುಗಿದ ಜಾಗಗಳನ್ನ ಯಾರೂ ಚೀಟಿ ಎತ್ತಿ ಆರಿಸಿದ್ದಲ್ಲ. ಟೀಮು ಮೊದಲು ಎಲ್ಲಿಗೆ ಹೋಗಿತ್ತೋ ಅವು ಮುಗಿದವು, ಉಳಿದವು ಆಮೇಲೆ. ಇದು ಎ/ಬಿ ಟೆಸ್ಟ್ ಅಲ್ಲ, ಅಮೆರಿಕದ ಆ 18 ಊರುಗಳ ಕಥೆಯೇ ಇದು. ಇದಕ್ಕೆ ಪರಿಹಾರ ಸರ್ವೇ ಶುರುವಾಗೋದಕ್ಕೆ ಮುಂಚೆಯೇ ಆಗಬೇಕು. ಟೀಮುಗಳು ಯಾವ ಜಾಗಕ್ಕೆ ಯಾವ ವಾರ ಹೋಗಬೇಕು ಅನ್ನೋ ಕ್ರಮವನ್ನೂ ಚೀಟಿ ಎತ್ತಿ ಇಡಬೇಕು. ಆಗ ಯಾವ ವಾರ ನಿಂತರೂ ಅಲ್ಲಿಯವರೆಗಿನದ್ದು ರಾಜ್ಯದ ಒಂದು ಚಿಕ್ಕ ಪ್ರತಿ ಆಗಿರುತ್ತೆ. ಡೀಸೆಲ್ ಖರ್ಚು ಜಾಸ್ತಿ ಆಗುತ್ತೆ, ಟೀಮಿನವರ ಓಡಾಟ ಜಾಸ್ತಿ ಆಗುತ್ತೆ, ಒಪ್ಪಿಕೊಳ್ತೀನಿ. ಪೂರ್ತಿ ಆಗದಿದ್ದರೆ ಪ್ರತಿ ಜಿಲ್ಲೆಯನ್ನ ಎರಡು ಸಲ ಸುತ್ತುವ ಹಾಗಾದರೂ ಮಾಡಬಹುದು.

ಲೈವ್ ಚಾಟ್‌ನಲ್ಲಿ ಎರಡು ಪ್ರಶ್ನೆ ಬಂದಿದೆ, ಅದಕ್ಕೆ ಉತ್ತರ ಹೇಳಿ ಮುಗಿಸ್ತೀನಿ.

ಮೊದಲನೇದು, ಭಾರತದಲ್ಲಿ ಫೋನ್ ಬೇಡವೇ ಬೇಡ ಅಂತೀರಾ? ಹಾಗಲ್ಲ. ಮೊದಲ ಸಲ ಮನೆಗೆ ಹೋಗಿ, ಮುಖ ನೋಡಿ, ಪರಿಚಯ ಆದ ಮೇಲೆ "ಮುಂದೆ ಫೋನ್ ಮಾಡಬಹುದಾ, ಯಾವ ಹೊತ್ತಿಗೆ ಮಾಡಿದರೆ ನಿಮಗೆ ಅನುಕೂಲ" ಅಂತ ಕೇಳಿ ನಂಬರ್ ಬರೆದುಕೊಂಡು ಬರಬೇಕು. ಆಗ ಮನೆಗೆ ಹೋಗೋಕೆ ಆಗದ ದಿನಗಳಲ್ಲಿ ಲಸಿಕೆ, ಆಸ್ಪತ್ರೆ ಖರ್ಚು, ಮಾತ್ರೆ ಸಿಗ್ತಿದೆಯಾ, ಇಂಥ ಸಣ್ಣ ಪ್ರಶ್ನೆಗಳನ್ನ ಅವರಿಗೇ ಕೇಳಬಹುದು. ಯಾರು ಎತ್ತಲಿಲ್ಲ, ಅವರು ಎಂಥವರು ಅನ್ನೋದೂ ಗೊತ್ತಿರುತ್ತೆ.

ಎರಡನೇದು, ಲಾಕ್‌ಡೌನ್‌ನಲ್ಲೂ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗ್ತಾ ಇದ್ದರಲ್ಲ, ಅವರ ಕೈಲೇ ಮಾಡಿಸಬಹುದಿತ್ತಲ್ಲ? ಒಳ್ಳೆ ಪ್ರಶ್ನೆ. ಕರ್ನಾಟಕದಲ್ಲಿ 2020ರಲ್ಲಿ ಸುಮಾರು 42 ಸಾವಿರ ಆಶಾಗಳು ಒಂದೂವರೆ ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ ವಯಸ್ಸಾದವರು, ಗರ್ಭಿಣಿಯರು, ಬೇರೆ ಕಾಯಿಲೆ ಇರುವವರು ಎಲ್ಲೆಲ್ಲಿ ಇದ್ದಾರೆ ಅಂತ ಪಟ್ಟಿ ಮಾಡಿದ್ದಾರೆ. ಅದು ಸಹಾಯ ತಲುಪಿಸೋಕೆ ಮಾಡಿದ ಪಟ್ಟಿ, ಅದಕ್ಕೆ ಅವರಿಗಿಂತ ಸರಿಯಾದವರು ಯಾರೂ ಇಲ್ಲ. ಎನ್‌ಎಫ್‌ಎಚ್‌ಎಸ್ ಬೇರೆ. ಅದರಲ್ಲಿ ಒಂದು ಪ್ರಶ್ನೆಯೇ ಹೀಗಿದೆ: ಹಿಂದಿನ ಮೂರು ತಿಂಗಳಲ್ಲಿ ಆಶಾ, ಎಎನ್‌ಎಂ, ಅಂಗನವಾಡಿಯವರು ಯಾರಾದರೂ ನಿಮ್ಮನ್ನ ಭೇಟಿ ಮಾಡಿದ್ರಾ? ಎದುರಿಗೆ ಕೂತು ಕೇಳ್ತಿರೋದು ಅದೇ ಆಶಾ ಅಕ್ಕ ಆದರೆ, ಇಲ್ಲ ಅಂತ ಹೇಳೋಕೆ ಯಾರಿಗೆ ಮನಸ್ಸು ಬರುತ್ತೆ? ಆ ಪಟ್ಟಿಯೇ ಬೇರೆ, ಈ ಸರ್ವೇಯೇ ಬೇರೆ, ಎರಡನ್ನೂ ಸೇರಿಸೋಕೆ ಹೋಗಬಾರದು.