ಹಿಂದಿನ ರಾತ್ರಿ ಒಪ್ಪಿಕೊಂಡ ಕಮ್ಮಟ



ನಿಗದಿಯಾದ ತಜ್ಞರು ಬಾರದಿದ್ದಾಗ ಕಮ್ಮಟವನ್ನು ನಡೆಸಿಕೊಡುವ ಬಗೆಯನ್ನು ಕುರಿತು ಸ್ವಯಂಸೇವಕರಾದ ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಿದ್ದಾರೆ. ಕಳೆದ ವರ್ಷ ನಮ್ಮ ಸಿ.ಪಿ.ಆರ್. ಕಮ್ಮಟ ಹೀಗೆಯೇ ನನ್ನ ಪಾಲಿಗೆ ಬಂದಿತು. ತರಬೇತುದಾರರ ವಿಮಾನ ರದ್ದಾದ ಸುದ್ದಿ ತಿಳಿದದ್ದು ಶುಕ್ರವಾರ ರಾತ್ರಿ ಒಂಬತ್ತಕ್ಕೆ. ಮರುದಿನ ಹತ್ತಕ್ಕೆ ನಲವತ್ತು ಜನ ಬರುವವರಿದ್ದರು. ಮುಂದೂಡೋಣವೇ ಎಂದು ಕೇಳಿದವರಿಗೆ ಬೇಡವೆಂದೆ. ಬರುವವರಲ್ಲಿ ಹಲವರು ಊರಿನಿಂದ ಬಂದ ಅಜ್ಜ-ಅಜ್ಜಿಯರು. ಮಗ-ಸೊಸೆ ಕೆಲಸಕ್ಕೆ ಹೋದಮೇಲೆ ಹಗಲೆಲ್ಲ ಮನೆಯಲ್ಲಿ ಇಬ್ಬರೇ ಇರುವವರು. ಹೃದಯಸ್ತಂಭನವಾದವರಿಗೆ ಎದೆ ಒತ್ತುವವರಾಗಲಿ ವಿದ್ಯುದಾಘಾತ ನೀಡುವ ಯಂತ್ರವಾಗಲಿ ಇಲ್ಲದಿದ್ದರೆ, ಬದುಕುವ ಸಂಭವ ನಿಮಿಷಕ್ಕೆ ಸುಮಾರು ಶೇಕಡಾ 7ರಿಂದ 10ರಷ್ಟು ಕುಗ್ಗುತ್ತ ಹೋಗುತ್ತದೆ.

ತರಬೇತುದಾರರು ತಮ್ಮ ಎಂಬತ್ತು ಸ್ಲೈಡುಗಳನ್ನು ಸೌಜನ್ಯದಿಂದ ಕಳುಹಿಸಿದರು. ನಾನು ಅವನ್ನು ಬಳಸಲಿಲ್ಲ. ಇನ್ನೊಬ್ಬರ ಕನ್ನಡಕ ಹಾಕಿಕೊಂಡು ದಾರಿ ತೋರಿಸಲಾಗದು. ನಮ್ಮ ತಾಳಮದ್ದಳೆಯಲ್ಲಿ ಅರ್ಥಧಾರಿಯೊಬ್ಬರು ಬಾರದಿದ್ದರೆ ಆ ಪಾತ್ರಕ್ಕೆ ಕುಳಿತವರು, ಬಾರದವರ ಮಾತನ್ನು ಒಪ್ಪಿಸುವುದಿಲ್ಲ. ಭಾಗವತರ ಪದ್ಯ ಅದೇ. ಅರ್ಥ ಮಾತ್ರ ಕುಳಿತವರದು. ಇಲ್ಲಿ ಪದ್ಯ ಯಾವುದು? ಕುಸಿದವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ 911ಕ್ಕೆ ಕರೆ ಮಾಡುವುದು. ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಬಾರಿ, 5 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ, 6ನ್ನು ಮೀರದಂತೆ ಒತ್ತುವುದು. ಅಷ್ಟೇ. ಹಠಾತ್ತನೆ ಕುಸಿದ ವಯಸ್ಕರಿಗೆ, ತರಬೇತಿಯಿಲ್ಲದವರು ಬರಿಯ ಎದೆಯೊತ್ತುವಿಕೆಯನ್ನೇ ಮಾಡಬಹುದೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲಿಯೇ ಸಾರಿದೆ. ಮಕ್ಕಳ ವಿಷಯ, ನೀರಿನಲ್ಲಿ ಮುಳುಗಿದವರ ವಿಷಯ ಬೇರೆ. ಅಲ್ಲಿ ಉಸಿರು ಊದುವುದೂ ಅಗತ್ಯ. ಅದನ್ನು ಇಂದು ಕಲಿಸುವುದಿಲ್ಲ, ಪ್ರಮಾಣಪತ್ರವನ್ನೂ ಕೊಡಲಾಗದು ಎಂದು ಆರಂಭದಲ್ಲೇ ತಿಳಿಸಿದೆ. ಬದಲಿಯಾಗಿ ನಿಂತವರು ಬಿಟ್ಟದ್ದನ್ನು ಬಾಯಿಬಿಟ್ಟು ಹೇಳಬೇಕು.

ಅಭ್ಯಾಸದ ಗೊಂಬೆಗಳು ತರಬೇತುದಾರರ ಬಳಿಯೇ ಉಳಿದವು. (ಆ ಗೊಂಬೆಯನ್ನು 1960ರಲ್ಲಿ ರೂಪಿಸಿದವರು ಆಟಿಕೆ ತಯಾರಕರಾಗಿದ್ದ ನಾರ್ವೆಯ ಲೇರ್ಡಾಲ್. ಅದೇ ವರ್ಷ ಎದೆಯೊತ್ತುವ ವಿಧಾನವನ್ನು ಪ್ರಕಟಿಸಿದ ಮೂವರಲ್ಲಿ ಹಿರಿಯರಾದ ಕೌವೆನ್‌ಹೋವನ್ ವಿದ್ಯುತ್ ಎಂಜಿನಿಯರು. ವೈದ್ಯರಲ್ಲದವರಿಗೆ ಇದು ಒಗ್ಗದ ವಿದ್ಯೆಯೆಂದು ಯಾರೂ ಹಿಂಜರಿಯಬೇಕಿಲ್ಲ.) ಗಟ್ಟಿ ದಿಂಬುಗಳನ್ನು ತರಿಸಿ ನೆಲಕ್ಕೆ ಹಾಕಿದೆವು. ದಿಂಬು ಆಳವನ್ನು ಕಲಿಸದು. ಲಯವನ್ನೂ ಮೊಣಕೈ ಮಡಿಸದಿರುವುದನ್ನೂ ಕಲಿಸುತ್ತದೆ. ಅಲ್ಲೊಂದು ತೊಡಕು ಕಂಡಿತು. ಹತ್ತರವರೆಗೆ ಎಣಿಕೆ ಚುರುಕಾಗಿ ಸಾಗುತ್ತದೆ. ‘ಇಪ್ಪತ್ತೊಂಬತ್ತು’ ಎನ್ನುವಷ್ಟರಲ್ಲಿ ಕೈ ನಿಧಾನವಾಗುತ್ತದೆ. ಹತ್ತು ಮುಗಿದೊಡನೆ ಮತ್ತೆ ಒಂದರಿಂದ ಎಣಿಸಿರೆಂದೆ. ಕೈಗಳು ಹಿಡಿತಕ್ಕೆ ಬಂದವು.

ನಡುವೆ ಹಿರಿಯರೊಬ್ಬರು ಎದ್ದು, “ಡಾಕ್ಟ್ರೇ, ಒತ್ತೋದು ಬಂತು. ಫೋನ್ ಮಾಡಿ ಯಾವ ಇಂಗ್ಲಿಷ್ ಮಾತಾಡಲಿ?” ಎಂದು ಕೇಳಿದರು. ಎಂಬತ್ತು ಸ್ಲೈಡುಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಉಳಿದ ಒಂದು ಗಂಟೆಯನ್ನು ಅದಕ್ಕೇ ಮೀಸಲಿಟ್ಟೆವು. ಮನೆಯ ಸಂಖ್ಯೆ, ಬೀದಿ, ಊರು, ‘ಹಸ್ಬೆಂಡ್ ನಾಟ್ ಬ್ರೀದಿಂಗ್’ ಎಂಬ ಮೂರು ಪದ, ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ದಪ್ಪಕ್ಷರಗಳಿಂದ ಬರೆಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಲು ಕೊಟ್ಟೆವು. ಸ್ಪೀಕರ್ ಒತ್ತಿ ಫೋನನ್ನು ನೆಲದ ಮೇಲಿಡುವುದನ್ನು ಒಬ್ಬೊಬ್ಬರಿಂದಲೂ ಮಾಡಿಸಿದೆವು. ಗಂಡಸರು ಇದನ್ನು ಹಗುರವಾಗಿ ಕಂಡರು. ಅಜ್ಜಿಯರು ಎರಡೆರಡು ಬಾರಿ ಮಾಡಿದರು.

ಮಿಕ್ಕ ದಿಂಬುಗಳೂ ಖಾಲಿ ಚೀಟಿಗಳೂ ಈಗ ಕಾರ್ಯದರ್ಶಿಗಳ ಗ್ಯಾರೇಜಿನ ಪೆಟ್ಟಿಗೆಯಲ್ಲಿವೆ. ಈ ವರ್ಷದ ಕಮ್ಮಟಗಳ ಪಟ್ಟಿ ಚಹಾದ ಮೇಜಿನ ಮೇಲಿದೆ. ಪ್ರತಿ ಕಮ್ಮಟದ ಎದುರು ಎರಡನೆಯ ಹೆಸರಿಗೊಂದು ಜಾಗ ಬಿಟ್ಟಿದ್ದೇವೆ. ಹೊರಡುವ ಮುನ್ನ ದಯವಿಟ್ಟು ತುಂಬಿರಿ.